ಮೂಳೆಯ ಆನುವಂಶಿಕ ಕಾಯಿಲೆ: ಪತ್ತೆಯ ಕೆಲಸ ಎಲ್ಲಿಂದ ಶುರು?

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಜನ ಸೊಂಟ, ಮಂಡಿ ನೋವಿನಿಂದ ನಡೆಯಲಾಗದೆ ಕೂತಾಗ, ಗದ್ದೆಯ ಏಡಿ ತಿಂದದ್ದೇ ಕಾರಣ, ಕೀಟನಾಶಕವೇ ಕಾರಣ ಎಂಬ ಮಾತು ಹಬ್ಬಿತ್ತು. ವಂಶವೃಕ್ಷ ಬರೆದು, ಎಕ್ಸ್-ರೇಗಳನ್ನು ಹೋಲಿಸಿ ನೋಡಿದ ಮೇಲೆ ಅದು ವಂಶದಲ್ಲಿ ಇಳಿದು ಬರುವ ಮೂಳೆ ಕಾಯಿಲೆ ಎಂಬುದು ಸ್ಪಷ್ಟವಾಯಿತು. ಆ ಕಾಯಿಲೆಯ ಕುಟುಂಬಗಳು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇವೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50. ತೊಂದರೆ ಕಾಣುವುದು ಬೆಳೆಯುತ್ತಾ. ಬಸುರಿನ ಸ್ಕ್ಯಾನಿಂಗ್ ನಂಬಿ ಕೂರುವಂತಿಲ್ಲ.

ಆದ್ದರಿಂದ ಕಡೂರು, ತರೀಕೆರೆ, ಅಜ್ಜಂಪುರದ ಓದುಗರಿಗೆ ನನ್ನ ಮೊದಲ ಮಾತು: ಪರೀಕ್ಷೆ ಹೊಟ್ಟೆಯಲ್ಲಿರುವ ಮಗುವಿನಿಂದಲ್ಲ, ಮನೆಯಲ್ಲಿ ಈಗಾಗಲೇ ಕಾಯಿಲೆ ಇರುವವರಿಂದ ಶುರುವಾಗಲಿ. ಅದೂ ಮುಂದಿನ ಬಸುರಿಗೆ ಮೊದಲೇ.

ಒಂದು ಹಾಳೆಯಲ್ಲಿ ಮೂರು ತಲೆಮಾರು ಬರೆಯಿರಿ. ಯಾರು ಕುಳ್ಳಗಿದ್ದರು, ಯಾರಿಗೆ ಪದೇಪದೇ ಮೂಳೆ ಮುರಿಯುತ್ತಿತ್ತು, ಯಾವ ಕೂಸು ಹುಟ್ಟುತ್ತಲೇ ತೀರಿಹೋಯಿತು ಎಲ್ಲವೂ ಬರಲಿ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾಗಿದ್ದರೆ ಮುಚ್ಚಿಡಬೇಡಿ. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷ ಅಡಗಿದ್ದರೆ ಪ್ರತಿ ಮಗುವಿಗೂ ಶೇ 25ರಷ್ಟು ಅಪಾಯ.

ಮುಂದಿನದು ಎಕ್ಸ್-ರೇ. ನೋಯುವ ಕಾಲೊಂದನ್ನೇ ತೆಗೆಸಿದರೆ ಸಾಲದು. ತಲೆ, ಬೆನ್ನುಮೂಳೆ, ಸೊಂಟ, ಕೈಕಾಲು, ಜೊತೆಗೆ ಎಡಗೈಯ ಬೆರಳುಗಳೂ ಬೇಕು. ಬಾಲ್ಯದಲ್ಲಿ ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪದರ ಹದಿಹರೆಯ ದಾಟಿದ ಮೇಲೆ ಕೂಡಿಕೊಳ್ಳುತ್ತದೆ. ಆಮೇಲೆ ಕಾಯಿಲೆಯ ಗುರುತೂ ಮಸುಕಾಗುತ್ತದೆ. ಹಳೆಯ ಎಕ್ಸ್-ರೇ ಫಿಲಂಗಳನ್ನು ದಯವಿಟ್ಟು ಎಸೆಯಬೇಡಿ. ಇದರ ಜೊತೆಗೆ ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ವಿಟಮಿನ್ ಡಿ ನೋಡಿಸಿ. ಬೋರ್‌ವೆಲ್ ನೀರು ಕುಡಿಯುವ ಬಯಲು ಸೀಮೆಯಲ್ಲಿ ಫ್ಲೋರೈಡಿನ ತೊಂದರೆಯೂ ಹೀಗೇ ಕಾಣಬಹುದು.

ಇಷ್ಟು ಕೆಲಸ ಜಿಲ್ಲಾ ಆಸ್ಪತ್ರೆಯಲ್ಲೋ ಶಿವಮೊಗ್ಗದ ಮೆಗ್ಗಾನ್‌ನಲ್ಲೋ ಆಗುತ್ತದೆ. ಜೀನ್ ಪರೀಕ್ಷೆಯ ಸಲಹೆಗೆ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ವೈದ್ಯಕೀಯ ತಳಿವಿಜ್ಞಾನ ವಿಭಾಗವಿದೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಜೊತೆಗೂಡಿ ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿವೆ. ವಂಶದ ಹಾಳೆ, ಫಿಲಂ ಎರಡನ್ನೂ ಕೈಯಲ್ಲಿ ಹಿಡಿದೇ ಹೋಗಿ.

ಯಾವ ಜೀನಿನಲ್ಲಿ ದೋಷ ಎಂದು ಗೊತ್ತಾಗಿದ್ದರೆ ಬಸುರಿನಲ್ಲಿ 11ರಿಂದ 13ನೇ ವಾರದೊಳಗೆ ಮಾಸಿನ ತುಣುಕು, ಇಲ್ಲವೇ 16ನೇ ವಾರದ ನಂತರ ಗರ್ಭದ ನೀರು ತೆಗೆದು ನೋಡಬಹುದು. ಎರಡರಲ್ಲೂ ಗರ್ಭಪಾತದ ಸಣ್ಣ ಅಪಾಯವಿದೆ. ಕೇಳಿ ತಿಳಿದು ಒಪ್ಪಿ. ಗೊತ್ತಿಲ್ಲದಿದ್ದರೆ ಸ್ಕ್ಯಾನಿಂಗೇ ಗತಿ. ಮೂಳೆ ಮುರಿಯುವ ಕಾಯಿಲೆಯ ತೀವ್ರ ಬಗೆ 18–20 ವಾರಕ್ಕೆ ಕಾಣಬಹುದು. ಆದರೆ ಅಕಾಂಡ್ರೋಪ್ಲೇಸಿಯಾ ಎಂಬ ಕುಳ್ಳತನದಲ್ಲಿ ತೊಡೆಮೂಳೆ ಗಿಡ್ಡವಾಗಿರುವುದು ಬಹಳ ಸಲ 24 ವಾರದ ನಂತರವೇ ತಿಳಿಯುತ್ತದೆ. ಇಂಥ ಸುಮಾರು ಶೇ 80 ಮಕ್ಕಳ ಅಪ್ಪ ಅಮ್ಮ ಸಾಮಾನ್ಯ ಎತ್ತರದವರು. ಸೊಸೆಯ ತವರನ್ನು ದೂರುವುದು ಅನ್ಯಾಯ.

ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ, ಭ್ರೂಣದಲ್ಲಿ ಗಂಭೀರ ದೋಷವಿದ್ದರೆ 24 ವಾರದ ನಂತರದ ಗರ್ಭಪಾತವನ್ನು ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. ಬಸುರಿಯ ಒಪ್ಪಿಗೆಯಿಲ್ಲದೆ ಯಾರೂ ಏನೂ ಮಾಡುವಂತಿಲ್ಲ. ಈ ಪರೀಕ್ಷೆಗಳಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಅಪರಾಧ.

ಹೆರಿಗೆಯ ನಂತರ ಕೂಸಿನ ಉದ್ದ, ತಲೆಯ ಸುತ್ತಳತೆ ಬರೆಸಿಕೊಳ್ಳಿ. ಕಣ್ಣಿನ ಬಿಳಿಭಾಗ ನೀಲಿಯಾಗಿದ್ದರೆ, ಎತ್ತಿಕೊಂಡಾಗಲೆಲ್ಲ ಒಂದು ಕೈ ಅಥವಾ ಕಾಲು ಆಡಿಸದೆ ಅತ್ತರೆ ಮೂಳೆ ಮುರಿದಿದೆಯೇ ನೋಡಿಸಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ತಂಡಕ್ಕೆ ಸೊಟ್ಟಗಾಲು, ಡೊಂಕು ಬೆನ್ನು ತೋರಿಸಿ.

ಕೂಸು ಉಳಿಯದೇ ಹೋದರೆ? ಆ ಹೊತ್ತಿನಲ್ಲಿ ಇದನ್ನು ಹೇಳುವುದು ಕಷ್ಟ. ಆದರೂ ಮಣ್ಣು ಮಾಡುವ ಮೊದಲು ಇಡೀ ದೇಹದ ಎಕ್ಸ್-ರೇ, ಫೋಟೊ ತೆಗೆಸಿ, ಡಿಎನ್ಎಗೆಂದು ಹೊಕ್ಕುಳಬಳ್ಳಿಯ ರಕ್ತ ತೆಗೆದಿಡಲು ವೈದ್ಯರನ್ನು ಕೇಳಿ. ಆ ತಾಯಿಯ ಮುಂದಿನ ಬಸುರಿಗೆ ಬೇಕಾದ ಉತ್ತರ ಎಷ್ಟೋ ಸಲ ಅದರಲ್ಲೇ ಇರುತ್ತದೆ.