ಅಕ್ಕಂದಿರ ಕವಲು ಹಿಡಿಯಿರಿ

ಮೂಡಿಗೆರೆಯ ಸೋದರಿಗೆ,

ಕಾಫಿ ತೋಟದಲ್ಲಿ ಹುಟ್ಟಿ ವಿಕ್ಟೋರಿಯಾ ಕ್ರಾಸ್ ಪಡೆದ ವಿಲಿಯಂ ಲೀಫ್ ರಾಬಿನ್ಸನ್ ಅವರ ಬಂಧುಗಳನ್ನು ಹುಡುಕುವ ನಿಮ್ಮ ಹಂಬಲ ನನಗೂ ಹಿಡಿಸಿತು. ಆದರೆ ಮೂಡಿಗೆರೆ, ಕಳಸದ ಹಳೆ ಎಸ್ಟೇಟ್ ಕಡತ ಬಿಡಿಸುತ್ತ ಕೂರಬೇಡಿ. ಅವರು 1895ರಲ್ಲಿ ಹುಟ್ಟಿದ್ದು ಕೊಡಗಿನ ಪಾಲಿಬೆಟ್ಟದ ತೋಟದಲ್ಲಿ.

ನೇರ ಸಂತತಿ ಸಿಗುವುದಿಲ್ಲ. 1916ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ವಾಯುನೌಕೆ ಹೊಡೆದುರುಳಿಸಿದ ಅವರು 1918ರ ಡಿಸೆಂಬರ್ 31ರಂದು ಇನ್‌ಫ್ಲುಯೆಂಜಾದಿಂದ ತೀರಿಕೊಂಡಾಗ ವಯಸ್ಸು ಬರೀ 23. ಮದುವೆ ನಿಶ್ಚಯವಾಗಿತ್ತು, ನಡೆಯಲಿಲ್ಲ. ಅಣ್ಣ ಹೆರಾಲ್ಡ್ ಮೆಸಪೊಟೇಮಿಯಾದ ಯುದ್ಧದಲ್ಲಿ ಮಡಿದಿದ್ದರು. ಹಾಗಾಗಿ ಅಕ್ಕಂದಿರ ಕವಲು ಹಿಡಿಯಿರಿ. ರಾಬಿನ್ಸನ್ ಕೊನೆಯುಸಿರೆಳೆದದ್ದೂ ಒಬ್ಬ ಅಕ್ಕನ ಮನೆಯಲ್ಲೇ. ನಮ್ಮ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟುಬಿಡುವ ರೂಢಿಯಿದೆಯಲ್ಲ, ಅದನ್ನು ಇಲ್ಲಿ ಮರೆತುಬಿಡಿ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸ್ ವಿಭಾಗದ ಚರ್ಚ್ ನೋಂದಣಿಗಳಿವೆ. ದೀಕ್ಷಾಸ್ನಾನದ ಸಾಲಿನಲ್ಲಿ ತಂದೆತಾಯಿಯ ಹೆಸರು, ಊರು, ತಂದೆಯ ಕಸುಬು. ಮದುವೆಯ ಸಾಲಿನಲ್ಲಿ ವಧೂವರರ ತಂದೆಯರ ಹೆಸರು. ಅಲ್ಲಿ ಸಿಕ್ಕ ಗಂಡನ ಮನೆತನದ ಹೆಸರಿನೊಂದಿಗೆ ಇಂಗ್ಲೆಂಡಿನ ಉಯಿಲುಗಳ ಸೂಚಿ ನೋಡಿ.

ಬದುಕಿರುವವರು ಸಿಕ್ಕರೆ ಮೊದಲು ಒಂದು ಪತ್ರ ಬರೆಯಿರಿ. ಅವರ ಒಪ್ಪಿಗೆಯಿಲ್ಲದೆ ಹೆಸರು, ವಿಳಾಸ ಎಲ್ಲೂ ಹಾಕಬೇಡಿ.