‘ಹೊರಗೆ ಕೂತಿರಿ’ ಎನ್ನದವರನ್ನು ಹುಡುಕಿ

ನನ್ನ ಮಗನಿಗೆ ಏಳು ವರ್ಷವಿದ್ದಾಗ ಡಾಕ್ಟರು ಚೀಟಿಯ ಮೇಲೆ ‘ಆಪೊಸಿಷನಲ್ ಡಿಫೈಯಂಟ್ ಡಿಸಾರ್ಡರ್’ ಎಂದು ಬರೆದರು. ಅವರ ಮಾತಿನಲ್ಲಿ ಒಡಿಡಿ. ಅಷ್ಟರೊಳಗೆ ಮನೆ, ಓಣಿ, ಶಾಲೆ ಸೇರಿ ಅವನಿಗೆ ಬೇಕಾದಷ್ಟು ಹೆಸರಿಟ್ಟಾಗಿತ್ತು: ಹಠಮಾರಿ, ಕೊಬ್ಬಿದವನು, ಅಜ್ಜಿ ಮುದ್ದಿನಿಂದ ಕೆಟ್ಟವನು. ದೃಷ್ಟಿ ತೆಗೆದದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ‘ನಾಲ್ಕು ಬಿಟ್ಟರೆ ತಾನಾಗೇ ದಾರಿಗೆ ಬರ್ತಾನೆ’ ಎಂಬ ಸಲಹೆಯಂತೂ ಪುಕ್ಕಟೆಯಾಗಿ ಸಿಗುತ್ತಿತ್ತು.

ಹಠ ಮಾಡದ ಮಗು ಯಾವುದಿದೆ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ಆದರೆ ಒಡಿಡಿ ಎನ್ನಬೇಕಾದರೆ ಸಿಡುಕು, ದೊಡ್ಡವರೊಂದಿಗೆ ವಾದ, ಬೇಕೆಂದೇ ಕೆಣಕುವುದು, ತನ್ನ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವುದು, ಹಗೆ ಸಾಧಿಸುವುದು ಮುಂತಾದ ಎಂಟು ಲಕ್ಷಣಗಳಲ್ಲಿ ಕನಿಷ್ಠ ನಾಲ್ಕು ಇರಬೇಕು, ಆರು ತಿಂಗಳಾದರೂ ಬಿಡದೆ ಕಾಣಬೇಕು, ಅದೂ ಒಡಹುಟ್ಟಿದವರ ಜೊತೆ ಮಾತ್ರವಲ್ಲ. ಇದರಿಂದ ಮನೆ, ಶಾಲೆ, ಗೆಳೆತನ ಕೆಡುತ್ತಿರಬೇಕು. ನಮ್ಮಲ್ಲಿ ಕೆಟ್ಟಿತ್ತು. ಹಬ್ಬಕ್ಕೆ ತವರಿಗೆ ಹೋಗುವುದನ್ನೇ ನಿಲ್ಲಿಸಿದ್ದೆವು.

ರೋಗದ ಹೆಸರು ಗೊತ್ತಾದದ್ದು ಸುಲಭದ ಭಾಗ. ದಾವಣಗೆರೆಯಂಥ ಊರಲ್ಲಿ ಚಿಕಿತ್ಸೆ ಹುಡುಕುವುದು ಬೇರೆಯದೇ ಕಥೆ. ಮೊದಲು ಹೋದ ಕೇಂದ್ರದಲ್ಲಿ ಮಗನನ್ನು ಒಳಗೆ ಕರೆದುಕೊಂಡು, ‘ನೀವು ಹೊರಗೆ ಕೂತಿರಿ’ ಎಂದು ಬಾಗಿಲು ಹಾಕಿಕೊಂಡರು. ಮುಕ್ಕಾಲು ಗಂಟೆಯ ನಂತರ, ‘ತುಂಬಾ ಚೆನ್ನಾಗಿ ಸಹಕರಿಸಿದ’ ಎಂಬ ವರದಿ. ವಾರ ವಾರವೂ ಅದೇ ವರದಿ, ಅದೇ ಫೀಸು. ಮನೆ ಹೊಸ್ತಿಲು ದಾಟಿದರೆ ಮತ್ತೆ ಚಪ್ಪಲಿ ಗೋಡೆಗೆ ಬೀಳುತ್ತಿತ್ತು.

ಇದರ ಕಾರಣ ಆಮೇಲೆ ತಿಳಿಯಿತು. ಈ ತೊಂದರೆಯಿರುವ ಮಕ್ಕಳು ಹೆಚ್ಚಾಗಿ ಸಿಡಿಯುವುದು ತಮಗೆ ಚೆನ್ನಾಗಿ ಗೊತ್ತಿರುವವರ ಮುಂದೆ. ಅಪರಿಚಿತರ ಕೋಣೆಯಲ್ಲಿ ಅವರು ಬಂಗಾರದಂಥ ಮಕ್ಕಳು. ಅಂದಮೇಲೆ, ಆ ಕೋಣೆಯೊಳಗೆ ಅವನೊಬ್ಬನೊಂದಿಗೆ ಮಾತಾಡಿದರೆ ನಮ್ಮ ಅಡುಗೆಮನೆಯ ಜಗಳ ಹೇಗೆ ನಿಲ್ಲಬೇಕು? ಮಗುವಿನ ಕೋಪವನ್ನು, ಸಮಸ್ಯೆ ಬಿಡಿಸುವ ಬಗೆಯನ್ನು ಕುರಿತು ಅವನೊಂದಿಗೆ ನೇರವಾಗಿ ಮಾಡುವ ಕೆಲಸವೂ ಇದೆ. ಅದು ಬೇಡವೆನ್ನುತ್ತಿಲ್ಲ. ಆದರೆ ಈ ವಯಸ್ಸಿನ ಮಕ್ಕಳಲ್ಲಿ ಹೆಚ್ಚು ಪುರಾವೆಯಿರುವುದು ಹೆತ್ತವರಿಗೆ ಕೊಡುವ ತರಬೇತಿಗೆ. ಇದನ್ನು ನನಗೆ ಮೊದಲೇ ಯಾರೂ ಹೇಳಲಿಲ್ಲ ಎಂಬ ಸಿಟ್ಟು ಇನ್ನೂ ಇದೆ.

ಅಮೆರಿಕದ ಆರೆಗನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞ ಇಂಥ ಮನೆಗಳನ್ನು ವರ್ಷಗಟ್ಟಲೆ ಗಮನಿಸಿ ಒಂದು ಸುತ್ತನ್ನು ಗುರುತಿಸಿದ್ದರು. ನಮ್ಮ ಮನೆಯ ಭಾಷೆಯಲ್ಲಿ ಅದು ಹೀಗೆ. ಮೊಬೈಲ್ ಇಡು ಎನ್ನುತ್ತೇನೆ. ಅವನು ಕಿರುಚುತ್ತಾನೆ. ನಾನೂ ಕಿರುಚುತ್ತೇನೆ. ಅವನು ತಟ್ಟೆ ಎಸೆಯುತ್ತಾನೆ. ಅಜ್ಜಿ ಬಂದು, ‘ಐದು ನಿಮಿಷ ನೋಡ್ಲಿ ಬಿಡೇ’ ಎನ್ನುತ್ತಾರೆ. ಅವನಿಗೆ ಮೊಬೈಲ್ ಸಿಕ್ಕಿತು, ನಮಗೆ ಶಾಂತಿ ಸಿಕ್ಕಿತು. ಎರಡೂ ಕಡೆಗೆ ಬಹುಮಾನ ಬಂದಮೇಲೆ ನಾಳೆ ಅದೇ ನಾಟಕ, ಇನ್ನೂ ಎತ್ತರದ ದನಿಯಲ್ಲಿ. ಇಲ್ಲಿ ಯಾರು ತಪ್ಪಿತಸ್ಥರು ಎಂದು ಹುಡುಕಿ ಪ್ರಯೋಜನವಿಲ್ಲ. ಸುತ್ತನ್ನು ಎಲ್ಲಿ ಕತ್ತರಿಸಬಹುದು ಎಂದು ನೋಡಬೇಕು, ಕತ್ತರಿಸುವ ಕೆಲಸ ಏಳು ವರ್ಷದವನಿಗಿಂತ ದೊಡ್ಡವರಿಗೆ ಸುಲಭ.

ಕೊನೆಗೆ ಬೆಂಗಳೂರಿನಲ್ಲಿ ಸಿಕ್ಕ ಥೆರಪಿಸ್ಟ್ ಮೊದಲ ದಿನವೇ ನನ್ನನ್ನು ನೆಲದ ಮೇಲೆ ಮಗನ ಪಕ್ಕ ಕೂರಿಸಿದರು. ಮುಂದೆ ಪ್ಲಾಸ್ಟಿಕ್ ಬ್ಲಾಕುಗಳ ರಾಶಿ. ‘ಇದೇನು ಕಟ್ತಿದ್ದೀಯ, ಮನೆನಾ?’ ಎಂದೆ. ಮೂಲೆಯ ಸ್ಟೂಲಿನಿಂದ ಮೆಲ್ಲಗೆ ‘ಪ್ರಶ್ನೆ’ ಎಂದರು. ‘ಹಾಗಲ್ಲ, ಇದನ್ನ ಈ ಕಡೆ ಇಡು’ ಎಂದೆ. ‘ಆಜ್ಞೆ’ ಎಂದರು. ಬಾಯಿ ಕಟ್ಟಿದಂತಾಯಿತು. ‘ಅವನು ಮಾಡ್ತಿರೋದನ್ನಷ್ಟೇ ಹೇಳಿ, ಕ್ರಿಕೆಟ್ ಕಾಮೆಂಟರಿ ಥರ.’ ಸರಿ, ‘ಕೆಂಪಿನ ಮೇಲೆ ನೀಲಿ ಇಟ್ಟೆ. ಈಗ ಹಳದಿ ಹುಡುಕ್ತಿದ್ದೀಯ’ ಎಂದೆ. ಅವನು ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, ‘ಇದು ಕೆಎಸ್‌ಆರ್‌ಟಿಸಿ ಡಿಪೋ’ ಎಂದ.

ದಿನಕ್ಕೆ ಐದು ನಿಮಿಷ ಹೀಗೆ ಆಡಬೇಕು, ಆ ದಿನ ಅವನು ಎಷ್ಟೇ ಕೆಟ್ಟದಾಗಿ ನಡೆದುಕೊಂಡಿದ್ದರೂ. ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ 1970ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದ ಪದ್ಧತಿಯ ಮೊದಲ ಹಂತ ಇದು. ಅಲ್ಲಿ ಥೆರಪಿಸ್ಟ್ ಗಾಜಿನ ಆಚೆ ಕೂತು ತಾಯಿಯ ಕಿವಿಗೆ ಇಯರ್‌ಫೋನಿನಲ್ಲಿ ಹೇಳಿಕೊಡುತ್ತಾರೆ. ನಮಗೆ ಸ್ಟೂಲೇ ಸಾಕಾಯಿತು. 260 ಕಿಲೋಮೀಟರ್ ದೂರದ ಓಡಾಟ ಕಷ್ಟವೆಂದು ಮುಂದಿನ ಪಾಠಗಳು ವಿಡಿಯೊ ಕರೆಯಲ್ಲೇ ನಡೆದವು.

ಎರಡನೆಯ ಹಂತ ಆಜ್ಞೆಯದು. ‘ಹೋಂವರ್ಕ್ ಮಾಡೋಣ್ವಾ ಪುಟ್ಟಾ?’ ಎಂದರೆ ‘ಬೇಡ’ ಎನ್ನುವ ಹಕ್ಕು ಅವನಿಗಿದೆ, ಕೇಳಿದ್ದು ನಾವು ತಾನೆ. ‘ಎಷ್ಟು ಸಲ ಹೇಳ್ಬೇಕು ನಿಂಗೆ?’, ‘ಅಪ್ಪ ಬರ್ಲಿ, ಮಾಡಿಸ್ತೀನಿ’ ಇವು ಆಜ್ಞೆಗಳೇ ಅಲ್ಲ. ‘ಚಪ್ಪಲಿ ಸ್ಟ್ಯಾಂಡಿನಲ್ಲಿ ಇಡು’ ಎಂದು ಹತ್ತಿರ ಹೋಗಿ, ದನಿ ಏರಿಸದೆ, ಒಂದೇ ಸಲ ಹೇಳಬೇಕು. ಇಟ್ಟರೆ ತಕ್ಷಣ ಮೆಚ್ಚಬೇಕು. ಇಡದಿದ್ದರೆ ಮೊದಲೇ ತಿಳಿಸಿಟ್ಟ ಸಣ್ಣ ಶಿಕ್ಷೆ, ಉಪದೇಶವಿಲ್ಲದೆ. ಉಪದೇಶ ನಿಲ್ಲಿಸುವುದು ನನ್ನ ಗಂಡನಿಗೆ ಬಹಳ ಕಷ್ಟವಾಯಿತು, ಅವರು ಮೇಷ್ಟ್ರು. ಚೆನ್ನಾಗಿ ಕಲಿತವರು ನಮ್ಮತ್ತೆ. ‘ಕಿರುಚಿದರೆ ಮೊಬೈಲ್ ಇಲ್ಲ’ ಎಂದು ಥೆರಪಿಸ್ಟ್ ನೇರವಾಗಿ ಅವರಿಗೇ ವಿವರಿಸಿದ ಮೇಲೆ ಒಂದು ದಿನವೂ ಸಡಿಲ ಬಿಡಲಿಲ್ಲ. ಕೂಡುಕುಟುಂಬವಿದ್ದರೆ ಅಜ್ಜ-ಅಜ್ಜಿಯರನ್ನೂ ಕರೆಸುವ ಥೆರಪಿಸ್ಟ್ ಬೇಕು.

ಮೊದಮೊದಲು ಎಲ್ಲವೂ ಇನ್ನೂ ಹದಗೆಟ್ಟಿತು. ಕಿರುಚಾಟ ಕೆಲಸ ಮಾಡದಿದ್ದಾಗ ಮಗು ಇನ್ನಷ್ಟು ಕಿರುಚಿ ನೋಡುತ್ತದೆ ಎಂದು ಮುಂಚೆಯೇ ಎಚ್ಚರಿಸಿದ್ದರು. ಈ ಎಚ್ಚರಿಕೆ ಸಿಗದ ಮನೆಯವರು ಇಲ್ಲೇ ಕೈಬಿಡುತ್ತಾರೆ ಎಂದು ನನ್ನ ಅನಿಸಿಕೆ.

ಇನ್ನೊಂದು ಮಾತು. ಒಡಿಡಿ ಅನೇಕ ಸಲ ಒಂಟಿಯಾಗಿ ಬರುವುದಿಲ್ಲ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಕಲಿಕೆಯ ತೊಂದರೆ, ಆತಂಕ ಇವೆಯೇ ಎಂದು ಪರೀಕ್ಷಿಸದೆ ಥೆರಪಿ ಶುರು ಮಾಡುವವರ ಬಗ್ಗೆ ಹುಷಾರಾಗಿರಿ. ಎದುರಾಡುವುದಕ್ಕೆಂದೇ ಇರುವ ಮಾತ್ರೆ ಇಲ್ಲ, ಆದರೆ ಎಡಿಎಚ್‌ಡಿಗೆ ಇದೆ. ನನ್ನ ಮಗನಿಗೆ ಎರಡೂ ಇತ್ತು. ಎಡಿಎಚ್‌ಡಿಗೆ ಮಾತ್ರೆ ಶುರುವಾದ ಮೇಲೆ ನಮ್ಮ ಪಾಠವೂ ಅವನಿಗೆ ನಾಟತೊಡಗಿತು. ಶಾಲೆಯವರು ಟಿ.ಸಿ. ಮಾತೆತ್ತಿದಾಗ, 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ ಎಂದು ತಣ್ಣಗೆ ಹೇಳಿದೆವು. 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ.

ಅವನಿಗೀಗ ಹತ್ತು ವರ್ಷ. ವಾದ ಇನ್ನೂ ಮಾಡುತ್ತಾನೆ, ತಟ್ಟೆ ಎಸೆಯುವುದಿಲ್ಲ. ಹಬ್ಬಕ್ಕೆ ತವರಿಗೆ ಹೋಗುತ್ತೇವೆ.

ಈಗ ಹುಡುಕಾಟ ಶುರು ಮಾಡುವವರಿಗೆ: ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿಕೊಂಡವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ನೋಡಿ. ‘ನನಗೇನು ಕೆಲಸ ಕೊಡುತ್ತೀರಿ?’ ಎಂದು ಮೊದಲ ಭೇಟಿಯಲ್ಲೇ ಕೇಳಿ, ಉತ್ತರವಿಲ್ಲದಿದ್ದರೆ ಬೇರೆಡೆ ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವೇ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಎಲ್ಲಿಂದ ಶುರು ಮಾಡಬೇಕೆಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.