‘ವಾರ್’ ಘೋಷಿಸಿದ ಚರವೂ ‘ವಿಂಡೋ’ ಎಂಬ ವಸ್ತುವೂ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳ ಹೆಸರನ್ನು ತೋರಿಸುವ ಪುಟವೊಂದನ್ನು ವಿದ್ಯಾರ್ಥಿಯೊಬ್ಬನು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯುತ್ತಾನೆನ್ನಿ. ‘ವಾರ್’ ಎಂಬ ಪದದಿಂದ ಒಂದು ಚರವನ್ನು ಘೋಷಿಸಿ, ಅದಕ್ಕೆ ‘ನೇಮ್’ ಎಂದು ಹೆಸರಿಟ್ಟು, ಮೂರು ಹೆಸರುಗಳ ಪಟ್ಟಿಯನ್ನು ಅದರಲ್ಲಿಡುತ್ತಾನೆ. ಪಟ್ಟಿಯ ಉದ್ದವೆಷ್ಟೆಂದು ಕೇಳಿದರೆ 3 ಎಂಬ ಉತ್ತರ ಬರಬೇಕಷ್ಟೆ? ಬರುವುದು 20! ಮೊದಲನೆಯ ಅಂಶವನ್ನು ಕೇಳಿದರೆ ‘ಆಳಂದ’ ಎಂದು ಬಾರದೆ ಬರಿಯ ‘ಆ’ ಬರುತ್ತದೆ. ತಪ್ಪಾಯಿತೆಂಬ ಸೂಚನೆ ಮಾತ್ರ ಎಲ್ಲಿಯೂ ಕಾಣಿಸದು.

ಇದಕ್ಕೆ ಕಾರಣವೇನು? ಬ್ರೌಸರು ಪುಟವನ್ನು ತೆರೆದೊಡನೆಯೇ ‘ವಿಂಡೋ’ ಎಂಬ ವಸ್ತುವೊಂದನ್ನು ಒದಗಿಸುತ್ತದೆ. ಪುಟದ ವಿಳಾಸ, ಕಿಟಕಿಯ ಅಗಲ ಮುಂತಾದುವೆಲ್ಲ ಅದರ ಗುಣಗಳು. ಸಾಮಾನ್ಯ ಸ್ಕ್ರಿಪ್ಟಿನಲ್ಲಿ, ಯಾವ ಫಂಕ್ಷನ್ನಿನ ಒಳಗೂ ಸೇರದಂತೆ ‘ವಾರ್’ನಿಂದ ಘೋಷಿಸಿದ ಚರವು ಕೂಡ ಈ ವಸ್ತುವಿನ ಗುಣವೇ ಆಗಿಬಿಡುತ್ತದೆ. ಕಚೇರಿಯ ದಫ್ತರದಲ್ಲಿಯೇ ನಮ್ಮ ಮನೆಯ ಕಾಗದವನ್ನೂ ಇಟ್ಟಂತೆ! ‘ನೇಮ್’ ಎಂಬ ಗುಣವಾದರೋ ಅಲ್ಲಿ ಮೊದಲೇ ಇದೆ. ಕಿಟಕಿಗೆ ಹೆಸರಿಡುವುದಕ್ಕೆಂದು ಇರುವ ಆ ಗುಣವು ಅಕ್ಷರಮಾಲೆಯನ್ನಲ್ಲದೆ ಬೇರೇನನ್ನೂ ಧರಿಸದು. ಆದಕಾರಣ ಪಟ್ಟಿಯ ಮೂರು ಹೆಸರುಗಳು ಅಲ್ಪವಿರಾಮಗಳಿಂದ ಕೂಡಿ ಒಂದೇ ಮಾಲೆಯಾದುವು. ಯಂತ್ರವು ವ್ಯಂಜನ, ಸ್ವರಚಿಹ್ನೆ, ಸೊನ್ನೆಗಳನ್ನು ಬೇರೆಬೇರೆಯಾಗಿ ಎಣಿಸುವುದರಿಂದ ಆಳಂದಕ್ಕೆ 4, ಅಫಜಲಪುರಕ್ಕೆ 7, ಜೇವರ್ಗಿಗೆ 7, ವಿರಾಮಗಳಿಗೆ 2, ಒಟ್ಟು 20. ವಾಚಕರು ತಾವೇ ಎಣಿಸಿ ನೋಡಬಹುದು. ‘ಟಾಪ್’ ಎಂಬ ಹೆಸರಿನ ಪಾಡು ಇನ್ನೂ ವಿಚಿತ್ರ: ಅದು ನಾವು ಕೊಟ್ಟ ಬೆಲೆಯನ್ನು ಸ್ವೀಕರಿಸುವುದೇ ಇಲ್ಲ.

ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಅವರು 1995ರಲ್ಲಿ ಈ ಭಾಷೆಯನ್ನು ರಚಿಸಿದರು. ಪುಟಗಳು ಚಿಕ್ಕವಾಗಿದ್ದ ಆ ಕಾಲದಲ್ಲಿ ಈ ಏರ್ಪಾಡು ಅನುಕೂಲವೆನಿಸಿದ್ದರೆ ಆಶ್ಚರ್ಯವಿಲ್ಲ. 2015ರ ಆವೃತ್ತಿಯಲ್ಲಿ ‘ಲೆಟ್’, ‘ಕಾನ್ಸ್ಟ್’ ಎಂಬ ಪದಗಳು ಬಂದುವು. ಇವುಗಳಿಂದ ಹೊರಗಡೆ ಘೋಷಿಸಿದ ಚರವು ಇಡೀ ಪುಟಕ್ಕೆ ದೊರೆಯುವುದಾದರೂ ‘ವಿಂಡೋ’ವಿನ ಗುಣವಾಗುವುದಿಲ್ಲ. ನಮ್ಮ ವಿದ್ಯಾರ್ಥಿಯು ‘ವಾರ್’ ಇದ್ದೆಡೆಯಲ್ಲಿ ‘ಲೆಟ್’ ಎಂದು ಬರೆದು ಪುಟವನ್ನು ಹೊಸದಾಗಿ ತೆರೆದರೆ 3 ಎಂಬ ಉತ್ತರವೇ ಬರುತ್ತದೆ. ‘ವಿಂಡೋ’ವಿನ ‘ನೇಮ್’ ತನ್ನ ಪಾಡಿಗೆ ತಾನಿರುತ್ತದೆ.

ಫಂಕ್ಷನ್ನಿನ ಒಳಗೆ ಘೋಷಿಸಿದ ‘ವಾರ್’ ಚರವು ಹೊರಕ್ಕೆ ಬಾರದು. ಆದರೆ ಘೋಷಣೆಯ ಪದವನ್ನೇ ಮರೆತು ಹೊಸ ಹೆಸರಿಗೆ ಬೆಲೆ ಕೊಟ್ಟರೆ, ಅದು ಒಳಗಿನಿಂದಲೂ ನುಸುಳಿ ‘ವಿಂಡೋ’ವನ್ನು ಸೇರುತ್ತದೆ. ಕಡತದ ಮೊದಲಿಗೆ ‘ಯೂಸ್ ಸ್ಟ್ರಿಕ್ಟ್’ ಎಂಬ ಆಜ್ಞೆಯನ್ನು ಉದ್ಧರಣ ಚಿಹ್ನೆಗಳೊಳಗೆ ಬರೆದಿದ್ದರೆ ಯಂತ್ರವು ಅಲ್ಲಿಯೇ ತಡೆದು ದೋಷವನ್ನು ತಿಳಿಸುತ್ತದೆ.